ಹೊಸ ವರ್ಷನ್ನಿನಲ್ಲಿ ಹೊನ್ನಕ್ಕನ ಬಟ್ಟಲು

ನಮ್ಮೂರಿನ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಭೂಪಟ ತೆಗೆದು ಹುಡುಕಿದರೂ ಸಿಗುವುದಿಲ್ಲ. ಆ ತಲೆನೋವು ಬಿಡಿ. ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಪುರಸಭೆ ಕಚೇರಿಯ ಒಳಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರ ಪರದೆಯ ಮೇಲೆ ಊರು ಹೇಗಿದೆಯೋ ಹೊರಗೂ ಹಾಗೇ ಇರುತ್ತದೆ. ಅಲ್ಲಿ ಬೀದಿ ಎಡಕ್ಕಿದ್ದರೆ ಇಲ್ಲೂ ಎಡಕ್ಕೆ. ಆಪರೇಟರ್ ವಿರೂಪಾಕ್ಷ ಬೆಳಿಗ್ಗೆ ಆಕಳಿಸುತ್ತಾ ಬಂದು ಗುಂಡಿ ಒತ್ತಿದ ಮೇಲೇ ನಮ್ಮಲ್ಲಿ ಬೆಳಗಾಗುವುದು. ಒಮ್ಮೆ ಅವನಿಗೆ ಜ್ವರ ಬಂದು ಊರಿಗೆ ಊರೇ ಮಧ್ಯಾಹ್ನದವರೆಗೆ ಹೊದ್ದು ಮಲಗಿತ್ತು. ಯಾರೂ ದೂರು ಕೊಡಲಿಲ್ಲ, ಮತ್ತೆ ಯಾವಾಗ ಜ್ವರ ಬರುತ್ತದೆ ಎಂದು ಕೇಳಿದವರೇ ಹೆಚ್ಚು.

ನಾನು ಬಸ್ಸಿನವನು. ಊರಿನಿಂದ ಪೇಟೆಗೆ ಹೋಗುವ ಒಂದೇ ಒಂದು ಮಿನಿ ಬಸ್ಸಿಗೆ ಡ್ರೈವರೂ ನಾನೇ, ಕಂಡಕ್ಟರೂ ನಾನೇ. ದೀಪ ಹಚ್ಚುವ ಹೊತ್ತಿಗೆ ಮುಂಚೆ ಊರು ಬಿಡುತ್ತೇನೆ, ಪೇಟೆಯಲ್ಲಿ ತಂಗುತ್ತೇನೆ, ಬೆಳಿಗ್ಗೆ ವಾಪಸ್ಸು ಬರುತ್ತೇನೆ. ಈ ಕಥೆಯನ್ನು ನಮ್ಮೂರಲ್ಲಿ ಹೇಳಲು ಉಳಿದಿರುವವನು ನಾನೊಬ್ಬನೇ ಆಗಿರುವುದಕ್ಕೆ ಕಾರಣ ಅದೇ. ನನ್ನ ಬುದ್ಧಿವಂತಿಕೆ ಏನೂ ಇಲ್ಲ.

ಕಥೆ ಹೊನ್ನಕ್ಕನದು. ಹೊನ್ನಕ್ಕನ ಪುಳಿಯೋಗರೆಗೆ ಊರಲ್ಲಿ ದೊಡ್ಡ ಹೆಸರು, ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವಳೂ ಅವಳೇ. ಅವಳ ಅಡುಗೆಮನೆಗೂ ಪಕ್ಕದ ಸುಂದ್ರಾಬಾಯಿಯ ಹೊಲಿಗೆ ಕೋಣೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಟಕಿ. ಹೊನ್ನಕ್ಕನ ಗಂಡ ವರ್ಷದ ಬಹುಪಾಲು ಲಾರಿಯ ಮೇಲಿರುತ್ತಿದ್ದ, ಸುಂದ್ರಾಬಾಯಿಯ ಗಂಡ ಫೋಟೋದಲ್ಲಿದ್ದ. ಹಾಗಾಗಿ ಇಬ್ಬರ ಸಂಸಾರವೂ ಹೆಚ್ಚುಕಡಿಮೆ ಆ ಕಿಟಕಿಯಲ್ಲೇ ನಡೆಯುತ್ತಿತ್ತು. ಇಲ್ಲಿ ಒಗ್ಗರಣೆ ಬಿದ್ದರೆ ಅಲ್ಲಿ ಸೀನು. ಅಲ್ಲಿ ಹೊಲಿಗೆ ಯಂತ್ರ ನಿಂತರೆ ಇಲ್ಲಿಂದ "ಯಾಕೆ ಬಾಯಿ, ದಾರ ಕಿತ್ತೋಯ್ತಾ?" ಎಂಬ ಪ್ರಶ್ನೆ. ಸುಂದ್ರಾಬಾಯಿಯ ಮುಂಬಾಗಿಲು ಹಿಂದಿನ ಓಣಿಯ ಚರಂಡಿಯ ಕಡೆಗಿದ್ದದ್ದರಿಂದ ರವಿಕೆ ಹೊಲಿಸುವವರು ಕೂಡ ಹೊನ್ನಕ್ಕನ ಅಡುಗೆಮನೆಗೇ ಬಂದು, ಕಿಟಕಿಯಲ್ಲಿ ಬಟ್ಟೆ ಕೊಟ್ಟು, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು.

ಆ ಕಿಟಕಿಯಲ್ಲಿ ದಿನಾ ಓಡಾಡುತ್ತಿದ್ದದ್ದು ಸು.ಬಾ. ಎಂದು ಹೆಸರು ಕೊರೆಸಿದ ಒಂದು ಸ್ಟೀಲ್ ಬಟ್ಟಲು. ಅತ್ತಲಿಂದ ಕಡಲೆಹಿಟ್ಟಿನ ಪಿಟ್ಲ ಬಂದರೆ ಇತ್ತಲಿಂದ ಕೋಸಂಬರಿ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ, ಒಂದು ಕಡ್ಡಿ ಕರಿಬೇವಾದರೂ ಅದರಲ್ಲಿರುತ್ತಿತ್ತು. ನಮ್ಮ ಕಡೆ ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಬರಿ ಪಾತ್ರೆ ವಾಪಸ್ಸು ಬಂತೆಂದರೆ ಇನ್ನು ನಿಮಗೂ ನಮಗೂ ಏನೂ ಇಲ್ಲ ಎಂದು ಅರ್ಥ. ಬಾಯಿಬಿಟ್ಟು ಬೈದರೆ ನಾಳೆ ಮರೆಯಬಹುದು, ಬರಿ ಪಾತ್ರೆಯನ್ನು ಯಾರೂ ಮರೆತದ್ದಿಲ್ಲ.

ಜಗಳ ಶುರುವಾದದ್ದು ಉಪ್ಪಿನಿಂದ. ಒಂದು ದಿನ ಅಡುಗೆಮನೆಯಲ್ಲಿ ನಾಲ್ಕು ಜನ ಕೂತಿರುವಾಗ ಸುಂದ್ರಾಬಾಯಿ ಪುಳಿಯೋಗರೆ ಬಾಯಿಗಿಟ್ಟು, ಏನೂ ಯೋಚಿಸದೆ, "ಉಪ್ಪು ಒಂಚೂರು ಮುಂದು ಅಕ್ಕಾ" ಎಂದುಬಿಟ್ಟಳು. ಹೊನ್ನಕ್ಕನ ಮುಖ ಕೆಂಪಾಯಿತು. "ನೀನು ಹೊಲಿದ ರವಿಕೆ ತೋಳು ಒಂದು ಉದ್ದ ಒಂದು ಗಿಡ್ಡ ಇರ್ತದೆ, ನಾನು ಯಾವತ್ತಾದ್ರೂ ಬಾಯ್ಬಿಟ್ಟಿದ್ದೀನಾ?" ಎಂದಳು. ಬಾಯಿಬಿಟ್ಟದ್ದು ಅವತ್ತೇ, ಅದೂ ಗಿರಾಕಿಗಳ ಎದುರಿಗೆ. ಮಾರನೆಯ ದಿನ ಸುಂದ್ರಾಬಾಯಿ ಏನೂ ಆಗಿಲ್ಲವೆಂಬಂತೆ ಬಟ್ಟಲಲ್ಲಿ ಬಿಸಿ ಪಿಟ್ಲ ಇಟ್ಟಳು. ಹೊನ್ನಕ್ಕ ಅದನ್ನು ತಿಂದಳು, ಬೆರಳೂ ನೆಕ್ಕಿದಳು, ಆಮೇಲೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸಿ, ಒಂದು ಕಾಳೂ ಹಾಕದೆ ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ನಿಂತಳು. ದೀಪ ಹಚ್ಚುವ ಹೊತ್ತು. ಅವಳು ಕೈ ಮುಂದೆ ಚಾಚಿದ ಗಳಿಗೆಯಲ್ಲೇ ಪುರಸಭೆಯಲ್ಲಿ ಅಪ್‌ಗ್ರೇಡ್ ಆಯಿತು.

ಹೊಸ ವರ್ಷನ್ ಸಿದ್ಧವಿದೆ ಎಂದು ಆ ಕಂಪ್ಯೂಟರ್ ಎಷ್ಟೋ ಕಾಲದಿಂದ ಪ್ರತಿ ಸಂಜೆ ಗೋಗರೆಯುತ್ತಿತ್ತು. ವಿರೂಪಾಕ್ಷ ಪ್ರತಿ ಸಂಜೆ "ಆಮೇಲೆ ನೆನಪಿಸು" ಒತ್ತಿ ಮನೆಗೆ ಹೋಗುತ್ತಿದ್ದ. ಆದರೆ ಅಧ್ಯಕ್ಷ ಮಹಾಬಲಯ್ಯನವರು ಯಾವುದೋ ಊರಿಗೆ ಸನ್ಮಾನಕ್ಕೆ ಹೋಗಿ, ಅಲ್ಲಿ ಎಲ್ಲ ಹೊಸದಾಗಿರುವುದನ್ನು ನೋಡಿ, ಹೊಟ್ಟೆ ಉರಿದುಕೊಂಡು ಬಂದಿದ್ದರು. ಕಂಪ್ಯೂಟರಿಗೆ ಹಾರ ಹಾಕಿಸಿ, ತೆಂಗಿನಕಾಯಿ ಒಡೆಸಿ, ತಮ್ಮ ಬೆರಳಿನಿಂದಲೇ ಗುಂಡಿ ಒತ್ತಿದರು. ಆಕಾಶದಲ್ಲಿ ಚುಕ್ಕಿಗಳ ಬಳೆಯೊಂದು ಗಿರಗಿರ ತಿರುಗಿತಂತೆ. "ನಮಸ್ಕಾರ. ನಿಮಗಾಗಿ ಎಲ್ಲವನ್ನೂ ಸಿದ್ಧಪಡಿಸುತ್ತಿದ್ದೇವೆ. ನಿಮ್ಮ ಊರನ್ನು ಆಫ್ ಮಾಡಬೇಡಿ" ಎಂಬ ಅಕ್ಷರಗಳು ಮೂಡಿದವಂತೆ. ಜನ ಕೈಮುಗಿದರಂತೆ. ನಾನು ಇರಲಿಲ್ಲ, ಪೇಟೆಯಲ್ಲಿ ಬೋಂಡಾ ತಿನ್ನುತ್ತಿದ್ದೆ.

ಬೆಳಿಗ್ಗೆ ಬಂದವನು ಅಭ್ಯಾಸಬಲದಿಂದ ಊರಿನ ಎಡಮೂಲೆಗೆ ಬಸ್ಸು ತಿರುಗಿಸಿದರೆ ಬಸ್ ಸ್ಟ್ಯಾಂಡೇ ಇಲ್ಲ. ಮಹಾಬಲಯ್ಯನವರ ದನದ ಕೊಟ್ಟಿಗೆ ಇತ್ತು, ನನ್ನ ಬಸ್ಸಿನ ಮೂತಿ ಅದರೊಳಗೆ ಹೋಗಿ ನಿಂತಿತು. ಬಸ್ ಸ್ಟ್ಯಾಂಡು ಊರಿನ ನಟ್ಟನಡುವಿಗೆ ಹೋಗಿತ್ತು. ಯಾಕೆ ಎಂದು ಕೇಳಿದರೆ ನೋಡಲು ಚೆನ್ನಾಗಿರುತ್ತದಂತೆ. ಎಲ್ಲ ಮನೆಗಳ ಮೂಲೆಗಳೂ ದುಂಡಗಾಗಿದ್ದವು, ಅದೂ ನೋಡಲು ಚೆನ್ನಾಗಿರುವುದಕ್ಕೇ. ಮೂಲೆಗಿಟ್ಟಿದ್ದ ಬೀರುಗಳೆಲ್ಲ ನಡುಮನೆಗೆ ಬಂದು ನಿಂತು, ಜನ ಅವನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದರು. ಹೋಟೆಲಿನಲ್ಲಿ ಮಾಣಿ ಬಂದು "ಬಿಸಿನೀರು, ತಣ್ಣೀರು" ಎಂದಷ್ಟೇ ಹೇಳಿ ನಿಲ್ಲುತ್ತಿದ್ದ. "ಇನ್ನಷ್ಟು ತೋರಿಸು" ಎಂದರೆ ಮಾತ್ರ ಇಡ್ಲಿಯ ಹೆಸರು ಹೊರಬರುತ್ತಿತ್ತು. ದೋಸೆಗೆ ಮತ್ತೊಮ್ಮೆ ಹಾಗೇ ಕೇಳಬೇಕಿತ್ತು. ನಲ್ಲಿ ತಿರುಗಿಸಿದರೆ "ನಿಮಗೆ ಖಚಿತವೇ?" ಎನ್ನುತ್ತಿತ್ತು. ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಊರು ತಾನೇ ತಾನಾಗಿ ನಿಂತು ಮತ್ತೆ ಶುರುವಾಯಿತು. ಎಲ್ಲರೂ ಎದ್ದು ನೋಡಿದರೆ ತಾಳಿ ವರನ ಕೈಯಲ್ಲೇ ಇತ್ತು, ಮುಹೂರ್ತ ಮಾತ್ರ ಹೋಗಿಬಿಟ್ಟಿತ್ತು.

ಜನ ಎರಡು ದಿನ ಬೈದರು, ಆಮೇಲೆ ಹೊಂದಿಕೊಂಡರು. ನಮ್ಮವರು ಹೊಂದಿಕೊಳ್ಳುವುದರಲ್ಲಿ ಗಟ್ಟಿಗರು. ಸ್ನಾನಕ್ಕೆ ಹೋಗುವವರು ಬಚ್ಚಲಿನ ಬಾಗಿಲಲ್ಲಿ ನಿಂತೇ "ಖಚಿತ, ಖಚಿತ" ಎಂದು ಕೂಗುತ್ತಾ ಒಳಗೆ ಹೋಗುವುದನ್ನು ಕಲಿತರು. ದುಂಡು ಮೂಲೆಯಿಂದ ಮಕ್ಕಳ ತಲೆಗೆ ಪೆಟ್ಟಾಗುವುದಿಲ್ಲ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಅವರ ತಲೆಗೆ ಬೀರು ತಾಗಿ ಆಗಿದ್ದ ಬೋರೆ ಭಾಷಣದುದ್ದಕ್ಕೂ ಹೊಳೆಯುತ್ತಿತ್ತು.

ಹೊಂದಿಕೊಳ್ಳದವಳು ಹೊನ್ನಕ್ಕ ಒಬ್ಬಳೇ. ಅವಳ ಅಡುಗೆಮನೆಯಲ್ಲಿ ಕಿಟಕಿ ಇದ್ದ ಜಾಗದಲ್ಲಿ ನುಣ್ಣಗಿನ ಗೋಡೆ ಬಂದಿತ್ತು. ಅದರ ಮೇಲೆ "ನಿಮಗೆ ಇಷ್ಟವಾಗಬಹುದು" ಎಂಬ ಬರಹ, ಅದರ ಕೆಳಗೆ ದಿನಕ್ಕೊಬ್ಬ ಅಪರಿಚಿತ. ಒಂದು ದಿನ ಹಲ್ಲು ಕೀಳುವವನೊಬ್ಬ ಇಕ್ಕಳ ಹಿಡಿದು ನಗುತ್ತಾ ನಿಂತಿದ್ದ. ಇನ್ನೊಂದು ದಿನ ಬ್ಯಾಂಡ್‌ಸೆಟ್ಟಿನವರು ನಿಂತಿದ್ದರು. ಗೋಡೆಯ ಆಚೆಗೆ ಹೋಗಿ ನೋಡಿದರೆ ಸುಂದ್ರಾಬಾಯಿಯ ಮನೆಯೇ ಇರಲಿಲ್ಲ, ಯಾರದೋ ಹೊಸ ಮೊಬೈಲ್ ಅಂಗಡಿ ಇತ್ತು. ಹೊನ್ನಕ್ಕ ಸು.ಬಾ. ಬಟ್ಟಲನ್ನು ಹಿಡಿದುಕೊಂಡೇ ಪುರಸಭೆಗೆ ಹೋದಳು. ಅವಳ ಕೋಪ ಇನ್ನೂ ಆರಿರಲಿಲ್ಲ. ಬರಿ ಬಟ್ಟಲು ಕೊಟ್ಟು ಕೈ ತೊಳೆದುಕೊಳ್ಳಬೇಕು ಎಂಬುದೇ ಅವಳ ಉದ್ದೇಶ.

ವಿರೂಪಾಕ್ಷನ ಮೇಜಿನ ಮುಂದೆ ಊರಿನ ಅರ್ಧ ಜನ ನಿಂತಿದ್ದರು. ಅವನ ಮುಖ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಕೆಲಸ ಮಾಡುತ್ತಿದ್ದ.

"ಬಾಯಿ ಮನೆ ಎಲ್ಲಿ ಹಾಕಿದ್ದೀಯೋ?"

"ನಾನು ಹಾಕಿಲ್ಲ ಅಕ್ಕ, ಅದೇ ಹಾಕ್ಕೊಂಡಿದೆ. ಉಪಯೋಗಿಸದೆ ಇರೋ ಮನೆಗಳನ್ನೆಲ್ಲ ಒಳಗೆ ಮಡಚಿಟ್ಟಿದೆ."

"ಉಪಯೋಗಿಸದೆ ಇರೋದು? ಬೆಳಗಿಂದ ಸಾಯಂಕಾಲದವರೆಗೆ ಜನ ಬರ್ತಾರಲ್ಲೋ ಅವಳ ಹತ್ರ!"

"ಮುಂಬಾಗಿಲು ತೆಗೆದಿದ್ದು ಯಾರು ಅಕ್ಕ? ಇದು ಎಣಿಸೋದು ಮುಂಬಾಗಿಲನ್ನ ಮಾತ್ರ. ಕಿಟಕಿ ಲೆಕ್ಕಕ್ಕೇ ಬರಲ್ಲ. ಕಿಟಕೀಲಿ ಸಾಮಾನು ಸಾಗಿಸೋದು ಅಪಾಯ ಅಂತ ಕಿಟಕೀನೂ ಮುಚ್ಚಿದೆ."

ಹೊನ್ನಕ್ಕನಿಗೆ ತಾನು ಮಾಡಿದ್ದು ನೆನಪಾಯಿತು. ಚರಂಡಿ ದಾಟಿ ಬರುವುದೇಕೆ, ನಮ್ಮನೆ ಕಿಟಕಿ ಇಲ್ಲವೇ ಎಂದು ಗಿರಾಕಿಗಳನ್ನು ಇತ್ತ ಕರೆದವಳು ತಾನೇ. ಊರೆಲ್ಲ ತನ್ನ ಅಡುಗೆಮನೆ ಹಾದು ಹೋಗಲಿ ಎಂಬ ಜಂಬ ಅದು. ಆ ಜಂಬಕ್ಕೆ ಬಾಯಿಯ ಮನೆಯೇ ಮಡಚಿ ಒಳಗೆ ಹೋಗಿತ್ತು. ಅವಳು ಬಟ್ಟಲನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಗೆ ಬಂದಳು.

ಅವತ್ತಿನಿಂದ ಹುಡುಕಾಟ. ಊರಿನ ನಡುವೆ ಒಂದು ಹುಡುಕುವ ಕಂಬ ಬಂದಿತ್ತು, ಅದಕ್ಕೆ ಬಾಯಿಟ್ಟು ಹೇಳಿದರೆ ದಾರಿ ತೋರಿಸುತ್ತದೆ ಎಂದು ಪ್ರಚಾರ. ಹೊನ್ನಕ್ಕ "ಸುಂದ್ರಾಬಾಯಿ, ರವಿಕೆ ಹೊಲಿಯೋಳು" ಎಂದಳು. ಕಂಬ ಎಲ್ಲೆಲ್ಲಿಯದೋ ದೂರದ ಪಟ್ಟಣಗಳ ಬಟ್ಟೆ ಅಂಗಡಿಗಳನ್ನೆಲ್ಲ ತೋರಿಸಿತು. "ಪಕ್ಕದ ಮನೆ ಕಣಯ್ಯಾ!" ಎಂದು ಕಿರುಚಿದಳು. ಪಕ್ಕದ ಮನೆ ಕೊಳ್ಳಲು ಸಾಲ ಬೇಕೇ ಎಂದು ಕೇಳಿತು. ಕಂಬಕ್ಕೆ ಒದ್ದು ಕಾಲು ನೋಯಿಸಿಕೊಂಡು ನನ್ನ ಬಸ್ಸಿನ ಮೆಟ್ಟಿಲ ಮೇಲೆ ಬಂದು ಕುಳಿತಳು.

"ಬಟ್ಟಲಲ್ಲಿ ಏನಕ್ಕಾ?" ಎಂದು ಕೇಳಿದೆ.

"ಏನಿಲ್ಲ. ಬರೀದೇ ಕೊಡ್ತೀನಿ" ಎಂದಳು. ಆದರೆ ಮಾರನೆಯ ದಿನ ನೋಡಿದರೆ ಅದರಲ್ಲಿ ಒಂದು ಕಡ್ಡಿ ಕರಿಬೇವು ಇತ್ತು. ಅದರ ಮಾರನೆಯ ದಿನ ಚಿಟಿಕೆ ಸಕ್ಕರೆ. ವಾರ ಕಳೆಯುವುದರಲ್ಲಿ ದಿನಾ ಬೆಳಿಗ್ಗೆ ಬಟ್ಟಲ ತುಂಬ ಪುಳಿಯೋಗರೆ ಕಲೆಸಿಕೊಂಡು ಹೊರಡುತ್ತಿದ್ದಳು, ಸಿಗದೆ ಸಂಜೆ ಅದೇ ಮೆಟ್ಟಿಲ ಮೇಲೆ ಕೂತು ತಾನೇ ತಿನ್ನುತ್ತಿದ್ದಳು. "ಒಗ್ಗರಣೆ ಹಾಕಿದ್ರೆ ಸೀನೋರಿಲ್ಲ ಕಣೋ ಮನೇಲಿ" ಎಂದಳು ಒಂದು ಸಂಜೆ. ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಖಾರ ಎಂದು ಸೆರಗಿನಿಂದ ಒರೆಸಿಕೊಂಡಳು.

ಅಷ್ಟರಲ್ಲಿ ಹಳೆಯ ವರ್ಷನ್ನಿಗೆ ಹಿಂದಿರುಗಲು ಒಂದು ದಾರಿ ಇದೆಯೆಂದೂ, ಅಮಾವಾಸ್ಯೆ ಕಳೆದರೆ ಆ ದಾರಿ ಮುಚ್ಚಿಹೋಗುತ್ತದೆಂದೂ ವಿರೂಪಾಕ್ಷ ಬಾಯಿಬಿಟ್ಟ. ಆದರೆ ಪರದೆಯ ಮೇಲೆ ಕಾಣುವ ಪ್ರತಿ ಮನೆಯವರೂ ಹೂಂ ಎನ್ನಬೇಕಿತ್ತು, ಒಬ್ಬರು ಬೇಡ ಎಂದರೂ ಆಗುತ್ತಿರಲಿಲ್ಲ. ಸರಿ, ಹೊನ್ನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಮನೆ ಮನೆ ಅಲೆದು, ಬೀರು ಸುತ್ತಿ ಒಳಗೆ ಹೋಗಿ, ಒಬ್ಬೊಬ್ಬರನ್ನೇ ಒಪ್ಪಿಸಿದಳು. ಮಹಾಬಲಯ್ಯನವರನ್ನು ಒಪ್ಪಿಸಿದ್ದು ಮಾತ್ರ ಅವರ ಹೆಂಡತಿ. ನಲ್ಲಿಗೆ ಇನ್ನು ಖಚಿತ ಎನ್ನುವುದಿಲ್ಲ, ನೀರೇ ಬೇಡ, ಸ್ನಾನವೂ ಬೇಡ ಎಂದು ಆಕೆ ಕೂತುಬಿಟ್ಟರಂತೆ.

ಹೀಗೆ ಮನೆ ಮನೆ ಅಲೆಯುವಾಗಲೇ ಹೊನ್ನಕ್ಕನ ಕಣ್ಣಿಗೆ ಒಂದು ವಿಷಯ ಬಿತ್ತು. ಪ್ರತಿ ಓಣಿಯ ಕೊನೆಯಲ್ಲೂ "ಇನ್ನಷ್ಟು ತೋರಿಸು" ಎಂಬ ಸಣ್ಣ ಬಾಗಿಲೊಂದಿತ್ತು. ಯಾರೂ ತೆಗೆಯುತ್ತಿರಲಿಲ್ಲ, ಮೀಟರ್ ಪೆಟ್ಟಿಗೆಯದ್ದಿರಬೇಕು ಎಂದುಕೊಂಡಿದ್ದರು. ಅವಳು ಒಂದನ್ನು ದೂಡಿದಳು. "ನಿಮಗೆ ಖಚಿತವೇ?" ಎಂದಿತು. "ನಿನ್ನಪ್ಪನಾಣೆ ಖಚಿತ" ಎಂದಳು. ಒಳಗೆ ಇನ್ನೊಂದು ಬಾಗಿಲು, ಅದರೊಳಗೆ ಮತ್ತೊಂದು. ಕೊನೆಯದನ್ನು ದಾಟಿದರೆ ಏನು ಹೇಳಲಿ, ಹಳೆಯ ಊರು ಇದ್ದ ಹಾಗೇ ಅಲ್ಲಿ ಬಿದ್ದಿತ್ತು. ಅದೇ ಮೂಲೆಗಳು, ಅದೇ ಚರಂಡಿ, ಅದೇ ಎಡಮೂಲೆಯ ಬಸ್ ಸ್ಟ್ಯಾಂಡು, ಎಲ್ಲದರ ಮೇಲೆ ಒಂದು ಪದರ ಧೂಳು. ಹೊಸ ಊರು ಎಂದು ನಾವು ಹಾರ ಹಾಕಿ ಬರಮಾಡಿಕೊಂಡದ್ದು ಇದರ ಮೇಲೆ ಬಳಿದ ಸುಣ್ಣ ಅಷ್ಟೇ.

ಒಳಗೆ ಎಲ್ಲಿಂದಲೋ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಎರಡು ಸಲ ಸರಿಯಾಗಿ ಹೊಡೆದುಕೊಂಡು ಮೂರನೆಯದಕ್ಕೆ ಎಡವುವ ಆ ಸದ್ದು ಹೊನ್ನಕ್ಕನಿಗೆ ಗೊತ್ತಿಲ್ಲದ್ದೇ? ಅವಳು ಬಟ್ಟಲು ಹಿಡಿದು ಓಡಿದಳು. ಸುಂದ್ರಾಬಾಯಿ ಯಂತ್ರದ ಮುಂದೆ ಕೂತು ತುಳಿಯುತ್ತಿದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

"ಏನೇ ಇದು ಬಾಯಿ? ಬಟ್ಟೆ ಇಲ್ದೆ ಏನು ಹೊಲಿತಿದ್ದೀಯಾ?"

"ಬಟ್ಟೆ ಕೊಡೋರು ಎಲ್ಲಿ ಬರ್ತಾರೆ ಅಕ್ಕಾ ಇಲ್ಲಿಗೆ. ಸದ್ದು ನಿಂತ್ರೆ ನೀವು ಯಾಕೆ ಅಂತ ಕೇಳ್ತೀರಲ್ಲ, ಅದಕ್ಕೇ ಮೊದಮೊದಲು ನಿಲ್ಲಿಸಿ ನೋಡ್ದೆ. ನೀವು ಕೇಳಲಿಲ್ಲ. ಆಮೇಲೆ ಸದ್ದಾದರೂ ಕೇಳಿಸಲಿ ಅಂತ ತುಳೀತಾನೇ ಇದ್ದೀನಿ."

ಇಬ್ಬರೂ ಅತ್ತರು. ಅಳು ಮುಗಿದ ಮೇಲೆ ಸುಂದ್ರಾಬಾಯಿ ಪುಳಿಯೋಗರೆ ತಿಂದಳು, ಹಸಿದಿದ್ದಳು ಪಾಪ. ಹೊನ್ನಕ್ಕ ತಡೆಯಲಾರದೆ ಕೇಳಿದಳು: "ಉಪ್ಪು?"

"ಹದವಾಗಿದೆ ಅಕ್ಕಾ, ಬಾಳ ಹದವಾಗಿದೆ" ಎಂದಳು ಸುಂದ್ರಾಬಾಯಿ ಗಡಿಬಿಡಿಯಿಂದ. ಆಮೇಲೆ ಎದ್ದುಹೋಗಿ ಒಂದು ಚೊಂಬು ನೀರನ್ನು ಗಟಗಟ ಕುಡಿದಳು. ಹೊನ್ನಕ್ಕ ಆ ಚೊಂಬನ್ನೇ ನೋಡುತ್ತಾ ಕುಳಿತಳು. ತನ್ನ ಕೈ ಇಷ್ಟು ಕಾಲವೂ ಉಪ್ಪಿನಲ್ಲಿ ಮುಂದಿತ್ತು ಎಂದು ಆ ಕ್ಷಣ ಅವಳಿಗೆ ಗೊತ್ತಾಯಿತು. ಊರಿನವರೆಲ್ಲ ಅವಳ ಪುಳಿಯೋಗರೆ ಹೊಗಳಿ ಮನೆಗೆ ಹೋಗಿ ನೀರು ಕುಡಿಯುತ್ತಿದ್ದರು. ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ. "ನಿನ್ನ ತೋಳೂ ಸರಿಯಾಗೇ ಇತ್ತು ಬಾಯಿ, ನನ್ನ ಹೆಗಲೇ ಒಂದು ಕಡೆ ಇಳಿದಿದೆ" ಎಂದಳು. ಬರಿ ಬಟ್ಟಲಿನ ವಿಷಯ ಮಾತ್ರ ಹೇಳಲಿಲ್ಲ. ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಬಾಯಿಯನ್ನು ಹೊರಗೆ ಕರೆತರಲು ನೋಡಿದಳು, ಆದರೆ ಮನೆ ಮಡಚಿಹೋದವರನ್ನು ಆ ಬಾಗಿಲು ದಾಟಿಸಲಿಲ್ಲ.

ಮಾರನೆಯ ದಿನ ಮತ್ತೆ ಹೋಗೋಣವೆಂದರೆ ಆ ಬಾಗಿಲುಗಳೆಲ್ಲ ಬೇರೆ ಓಣಿಗೆ ಹೋಗಿದ್ದವು. ದಿನಾ ಜಾಗ ಬದಲಾಗುತ್ತಿತ್ತು. ಹಳೆಯ ವರ್ಷನ್ ಬರದ ಹೊರತು ಬಾಯಿ ಅಲ್ಲೇ ಕೊಳೆಯಬೇಕು ಎಂಬುದು ಹೊನ್ನಕ್ಕನಿಗೆ ಖಾತ್ರಿಯಾಯಿತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಊರು ಸೇರಿತು. ವಿರೂಪಾಕ್ಷ ಪರದೆಯ ಮೇಲಿದ್ದ ಸಣ್ಣ ಅಕ್ಷರದ ಷರತ್ತುಗಳನ್ನು ನಿದ್ದೆಗಣ್ಣಲ್ಲಿ ಓದಿದ. "ಇವತ್ತು ದೀಪ ಹಚ್ಚುವ ಹೊತ್ತಿಗೆ ಊರು ಅಪ್‌ಗ್ರೇಡ್ ಆದ ಗಳಿಗೆಗೆ ಹಿಂದಿರುಗುತ್ತದೆ. ಆಗ ಯಾರು ಎಲ್ಲಿ ನಿಂತಿದ್ದರೋ ಅಲ್ಲೇ ನಿಂತಿರುತ್ತಾರೆ. ನಿಮ್ಮ ಸ್ವಂತ ಸಾಮಾನುಗಳು ಈಗ ಹೇಗಿವೆಯೋ ಹಾಗೇ ಉಳಿಯುತ್ತವೆ. ಈ ನಡುವೆ ನೀವು ಕಲಿತದ್ದು, ಆಡಿದ್ದು, ಮನಸ್ಸಿಗೆ ತಂದುಕೊಂಡದ್ದು ಯಾವುದೂ ಉಳಿಯುವುದಿಲ್ಲ." ಜನ ಚಪ್ಪಾಳೆ ತಟ್ಟಿದರು. ಈ ವರ್ಷನ್ನಿನಲ್ಲಿ ಕಲಿತದ್ದು ಹೋದರೆ ಹೋಗಲಿ, ಯಾರಿಗೆ ಬೇಕು ಎಂದರು.

ಚಪ್ಪಾಳೆ ತಟ್ಟದೆ ನಿಂತವಳು ಹೊನ್ನಕ್ಕ. ಮನೆ ಮನೆ ಸುತ್ತಿ ಹೂಂ ಅನ್ನಿಸಿದವಳು ತನ್ನ ಸರದಿ ಬಂದಾಗ ಸೆರಗಿನಿಂದ ಬಟ್ಟಲು ಒರೆಸುತ್ತಾ ನಿಂತಳು. ಎಲ್ಲರೂ ಅವಳನ್ನೇ ನೋಡಿದರು. ಬೇಡ ಎಂದರೆ ಬಾಯಿ ಆ ಧೂಳಿನಲ್ಲಿ ಬರಿ ಯಂತ್ರ ತುಳಿಯುತ್ತಾ ಉಳಿಯುತ್ತಾಳೆ. 'ಹೂಂ' ಎಂದರೆ ಕಿಟಕಿ ಬರುತ್ತದೆ, ಬಾಯಿಯೂ ಬರುತ್ತಾಳೆ, ಆದರೆ ತಾನು ಬರಿ ಬಟ್ಟಲು ಚಾಚಿ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ನಿಂತಿರುತ್ತಾಳೆ. ಕೊನೆಗೆ ಹೊನ್ನಕ್ಕ "ಹೂಂ" ಎಂದಳು.

ಸಂಜೆ ನಾನು ಬಸ್ಸು ಹೊರಡಿಸುವ ಹೊತ್ತಿಗೆ ಓಡಿಬಂದಳು. ಅವತ್ತು ನನ್ನ ಬಸ್ಸಿಗೆ ಒಂದು ನರಪಿಳ್ಳೆಯೂ ಹತ್ತಲಿಲ್ಲ, ಎಲ್ಲರಿಗೂ ಊರಲ್ಲಿದ್ದು ತಮಾಷೆ ನೋಡಬೇಕಿತ್ತು. ಹೊನ್ನಕ್ಕನ ಕೈಯಲ್ಲಿ ಸು.ಬಾ. ಬಟ್ಟಲು, ಅದರ ತುಂಬ ಪುಳಿಯೋಗರೆ.

"ನೀನು ಊರಾಚೆ ಇರ್ತೀಯಲ್ಲ, ನಿನಗೆ ಎಲ್ಲ ನೆನಪಿರ್ತದೆ ಅಲ್ವೇನೋ?"

"ಇರ್ತದೆ ಅಕ್ಕ."

"ಹಾಗಾದ್ರೆ ಕೇಳು. ಈ ಬಟ್ಟಲು ಹಿಡ್ಕೊಂಡು ಗೋಡೆ ಮುಂದೆ ನಿಂತ್ಕೋತೀನಿ. ಕಿಟಕಿ ಬಂದಾಗ ಬಟ್ಟಲು ಬರೀದಾಗಿರಲ್ಲ, ಸಾಮಾನು ಹಾಗೇ ಉಳೀತದಂತಲ್ಲ."

"ಆದ್ರೆ ಆ ಹೊತ್ತಿನ ಹೊನ್ನಕ್ಕ ಕೋಪದಲ್ಲಿರ್ತಾರೆ. ತುಂಬಿದ್ದನ್ನ ಸುರಿದು ಬರೀದೇ ಕೊಟ್ರೆ?"

"ಅದನ್ನೂ ಯೋಚ್ನೆ ಮಾಡ್ದೆ. ನನ್ನ ಗುಣ ನನಗೆ ಗೊತ್ತಿಲ್ವಾ? ಅನ್ನ ಸುರಿಯೋಳಲ್ಲ ನಾನು, ಎಷ್ಟೇ ಕೋಪ ಬರಲಿ. ಮೊದಲು ಬಾಯಿಗೆ ಹಾಕ್ಕೊಂಡು ನೋಡ್ತೀನಿ. ನನ್ನ ಕೈದು ಅಂತ ಗೊತ್ತಾಗ್ತದೆ. ಆಮೇಲೆ ಜಂಬ ಬಿಡಲ್ಲ. ತಗೋ, ಇದನ್ನ ತಿಂದು ಈಗ ಹೇಳೇ ಉಪ್ಪು ಮುಂದೋ ಹಿಂದೋ ಅಂತ ಅವಳ ಕೈಗೇ ತುರುಕ್ತೀನಿ ನೋಡು." ಇಷ್ಟು ಹೇಳಿ ದನಿ ತಗ್ಗಿಸಿದಳು. "ಇವತ್ತು ಉಪ್ಪು ಕಮ್ಮಿ ಹಾಕಿದ್ದೀನಿ. ಅವಳ ನಾಲಿಗೆಗೆ."

ನಾನು ಬಾಗಿಲು ಮುಚ್ಚಲು ಹೋದೆ. ಅವಳು ಬಿಡಲಿಲ್ಲ.

"ಇನ್ನೊಂದು ಕೆಲಸ ಇದೆ. ನಾಳೆ ಬಂದು ನನಗೆ ಹೇಳ್ಬೇಕು, ಹೊನ್ನಕ್ಕ ನಿನ್ನ ಕೈಯಲ್ಲಿ ಉಪ್ಪು ಮುಂದು ಅಂತ. ಇಲ್ದಿದ್ರೆ ನಾಳಿದ್ದು ಮತ್ತೆ ಹಾಗೇ ಹಾಕ್ತೀನಿ, ಅವಳು ಮತ್ತೆ ಹಾಗೇ ಅಂತಾಳೆ."

"ನಂಬ್ತೀರಾ ನೀವು?"

"ಎಲ್ಲಿ ನಂಬ್ತೀನಿ? ಜನ್ಮ ಜಾಲಾಡಿಸ್ತೀನಿ ನಿಂದು. ಆದ್ರೂ ಹೇಳು" ಎಂದಳು. ಆಣೆ ಹಾಕಿಸಿಕೊಂಡೇ ಕೆಳಗಿಳಿದಳು.

ಮಾರನೆಯ ಬೆಳಿಗ್ಗೆ ಬಂದರೆ ಬಸ್ ಸ್ಟ್ಯಾಂಡು ಎಡಮೂಲೆಯಲ್ಲಿತ್ತು. ನನಗೆ ಅದರ ಕಂಬ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಆದರೆ ಪುರಸಭೆಯ ಮುಂದೆ ಮಹಾಬಲಯ್ಯನವರು ಹಾರ ಹಿಡಿದು ನಿಂತಿದ್ದರು. ನಿನ್ನೆ ಸಂಜೆ ಗುಂಡಿ ಒತ್ತುವ ಹೊತ್ತಿಗೆ ಯಾಕೋ ಪರದೆ ಕಪ್ಪಾಯಿತಂತೆ, ಮುಹೂರ್ತ ಚೆನ್ನಾಗಿಲ್ಲವೆಂದು ಇವತ್ತಿಗೆ ಇಟ್ಟುಕೊಂಡಿದ್ದಾರಂತೆ. ಬೇಡ ಸ್ವಾಮಿ, ನಾವು ಇದನ್ನೆಲ್ಲ ಒಮ್ಮೆ ಅನುಭವಿಸಿದ್ದೇವೆ ಎಂದೆ. ಊರೇ ನಕ್ಕಿತು. ಪೇಟೆಯ ನೀರು ತಲೆಗೆ ಏರಿದೆ ಎಂದರು. ಹೊಸದು ಬಂದರೆ ಬಸ್ಸಿನವನಿಗೆ ಕಷ್ಟ, ಅದಕ್ಕೇ ಅಡ್ಡಬಾಯಿ ಹಾಕುತ್ತಾನೆ ಎಂದೂ ಒಬ್ಬರು ಹೇಳಿದರು.

ನಾನು ಅವರನ್ನು ಬಿಟ್ಟು ವಿರೂಪಾಕ್ಷನ ಕಿವಿಯ ಹತ್ತಿರ ಹೋದೆ. "ನಂಬೋದು ಬಿಡೋದು ನಿನಗೆ ಬಿಟ್ಟಿದ್ದು. ಹೊಸ ವರ್ಷನ್ನಿನಲ್ಲಿ ಬೆಳಗಿಂದ ಸಂಜೆವರೆಗೆ ಊರಿನ ಅರ್ಧ ಜನ ನಿನ್ನ ಮೇಜಿನ ಮುಂದೆ ನಿಂತಿರ್ತಾರೆ. ಮಧ್ಯಾಹ್ನದ ನಿದ್ದೆ ಮರೆತುಬಿಡು." ವಿರೂಪಾಕ್ಷನ ಬಣ್ಣವೇ ಇಳಿದುಹೋಯಿತು. ಅವನು ಪರದೆಯನ್ನು ಬಹಳ ಹೊತ್ತು ಪರೀಕ್ಷಿಸಿದಂತೆ ಮಾಡಿ, ಗಂಟಲು ಸರಿಪಡಿಸಿಕೊಂಡು, "ಸಾರ್, ನಮ್ಮ ಮಿಷನ್ನಿಗೆ ಹೊಸದಕ್ಕೆ ಬೇಕಾದ ಯೋಗ್ಯತೆ ಇಲ್ಲ ಅಂತ ತೋರಿಸ್ತಿದೆ" ಎಂದು "ಆಮೇಲೆ ನೆನಪಿಸು" ಒತ್ತಿಬಿಟ್ಟ. ಅಧ್ಯಕ್ಷರು ತಂದ ಹಾರವನ್ನು ಹಳೆಯ ವರ್ಷನ್ನಿಗೇ ಹಾಕಿ, ಅದರ ಹಿರಿಮೆಯ ಬಗ್ಗೆ ಭಾಷಣ ಮಾಡಿದರು. ನಮ್ಮೂರನ್ನು ಉಳಿಸಿದ್ದು ಸೋಮಾರಿತನ. ನಾನು ಅದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಮೇಲೆ ಎದೆ ಗಟ್ಟಿಮಾಡಿಕೊಂಡು ಹೊನ್ನಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕಿಟಕಿ ಅಷ್ಟಗಲ ತೆರೆದಿತ್ತು. ಅತ್ತ ಎರಡು ಸಲ ಹೊಡೆದುಕೊಂಡು ಮೂರನೆಯದಕ್ಕೆ ಎಡವುವ ಯಂತ್ರದ ಸದ್ದು. ಸು.ಬಾ. ಬಟ್ಟಲು ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು, ಅದರಲ್ಲಿ ಒಂದು ಅಚ್ಚು ಬೆಲ್ಲ. ಹೊನ್ನಕ್ಕ ನನಗೆ ಆಗತಾನೇ ಕಲೆಸಿದ ಪುಳಿಯೋಗರೆ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ಹಳೆಯ ವರ್ಷನ್ ಪೂರ್ತಿ ವಾಪಸ್ಸು ಬಂದಿತ್ತು. ನಾನು ನೀರು ಕುಡಿದು, ಕಣ್ಣು ಮುಚ್ಚಿಕೊಂಡು, "ಅಕ್ಕಾ, ನಿಮ್ಮ ಕೈಯಲ್ಲಿ ಉಪ್ಪು ಮುಂದು" ಎಂದೆ.

ಅವಳು ಹೇಳಿದ್ದಂತೆಯೇ ಆಯಿತು. ನನ್ನ ನಾಲಿಗೆ, ನನ್ನ ಬಸ್ಸು, ನನ್ನನ್ನು ಹೆತ್ತವರು, ನನಗೆ ಲೈಸೆನ್ಸ್ ಕೊಟ್ಟವರು, ಯಾರನ್ನೂ ಬಿಡಲಿಲ್ಲ. ನಾನು ತಟ್ಟೆ ನೋಡಿಕೊಂಡು ಬೈಸಿಕೊಂಡೆ. ಬೈದು ಸುಸ್ತಾದ ಮೇಲೆ ಅವಳು ಎದುರಿಗೆ ಕುಳಿತಳು, ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಿನ್ನೆ ಸಾಯಂಕಾಲ ಏನೋ ಆಯ್ತು ಕಣೋ. ಅವಳಿಗೆ ಬರಿ ಬಟ್ಟಲು ಕೊಟ್ಟುಬಿಡೋಣ ಅಂತಲೇ ನಿಂತಿದ್ದೆ. ನೋಡ್ತೀನಿ, ತುಂಬಿದೆ. ಬಾಯಿಗೆ ಹಾಕ್ಕೊಂಡ್ರೆ ನನ್ನ ಕೈದೇ, ಉಪ್ಪು ಮಾತ್ರ ನಂದಲ್ಲ. ತಗೊಂಡು ತಿಂದ್ಲು, ಇದು ಹದ ಅಕ್ಕಾ ಅಂತ ಗೊಳೋ ಅಂತ ಅತ್ಲು. ನಾನೂ ಅತ್ತೆ. ಯಾರು ತುಂಬಿದ್ರೋ, ಅವರ ಹೊಟ್ಟೆ ತಣ್ಣಗಿರಲಿ. ಬರೀದು ಕೊಟ್ಟುಬಿಟ್ಟಿದ್ರೆ ಏನು ಗತಿ ಆಗ್ತಿತ್ತೋ ನಂದು." ಆಮೇಲೆ ಇನ್ನೂ ಮೆಲ್ಲಗೆ, "ಅವಳಿಗೆ ಹೇಳ್ಬೇಡ" ಎಂದಳು.

ಹೇಳುವುದಿಲ್ಲ ಎಂದೆ. ಯಾರು ತುಂಬಿದರು ಎಂಬುದನ್ನೂ ಹೇಳಲಿಲ್ಲ. ಅಷ್ಟರಲ್ಲಿ ಆಚೆ ಯಂತ್ರ ನಿಂತಿತು. "ಯಾಕೆ ಬಾಯಿ, ದಾರ ಕಿತ್ತೋಯ್ತಾ?" ಎಂದು ಹೊನ್ನಕ್ಕ ಕೂಗಿದಳು. "ಇಲ್ಲ ಅಕ್ಕಾ, ಹಸಿವು" ಎಂಬ ಉತ್ತರ ಬಂತು. ಹೊನ್ನಕ್ಕ ಎದ್ದು, ಬೆಲ್ಲ ತೆಗೆದಿಟ್ಟು, ಬಟ್ಟಲಿಗೆ ಬೇರೆ ಅನ್ನ ಹಾಕಿ ಗೊಜ್ಜು ಕಲೆಸಿದಳು. ಉಪ್ಪಿನ ಭರಣಿಗೆ ಕೈ ಹಾಕಿ ಒಂದು ಹಿಡಿ ಎತ್ತಿದಳು. ಆ ಹಿಡಿಯನ್ನು ನೋಡಿದಳು, ನನ್ನನ್ನೂ ಒಮ್ಮೆ ದುರುಗುಟ್ಟಿಕೊಂಡು ನೋಡಿದಳು, ಆಮೇಲೆ ಅರ್ಧ ಉಪ್ಪನ್ನು ಭರಣಿಗೇ ವಾಪಸ್ಸು ಹಾಕಿದಳು.